ಎಂಟು ದಿನಗಳ ಗೈರುಹಾಜರಿ



ಇದೇ ಚೆನ್ನೈ ನಗರದ ಬಕಿಂಗ್‌ಹ್ಯಾಂ ಅಂಡ್ ಕರ್ನಾಟಿಕ್ ಗಿರಣಿಯಲ್ಲಿ ಒಂದು ಸ್ಥಾಯಿ ನಿಯಮವಿತ್ತು: ರಜೆಯಿಲ್ಲದೆ ಎಂಟು ದಿನ ಬಾರದವನು ತಾನಾಗಿ ಕೆಲಸ ಬಿಟ್ಟಂತೆ. 1963ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. 1993ರ ಡಿ. ಕೆ. ಯಾದವ್ ಪ್ರಕರಣದಲ್ಲಿ ಅಂಥದೇ ಎಂಟು ದಿನಗಳ ನಿಯಮವನ್ನು ಕುರಿತು ಅದೇ ನ್ಯಾಯಾಲಯವು ಬೇರೆ ತೀರ್ಪಿತ್ತಿತು: ಜೀವನೋಪಾಯವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿಗೆ ಸೇರಿದುದು, ವಿಚಾರಣೆಯಿಲ್ಲದೆ ಅದನ್ನು ಕಸಿಯಲಾಗದು. ಕಾರ್ಮಿಕನು ಅರ್ಧ ಹಿಂಬಾಕಿ ವೇತನದೊಡನೆ ಕೆಲಸಕ್ಕೆ ಮರಳಿದನು.

ಅಂಗಡಿ, ಕಾರ್ಖಾನೆಗಳನ್ನು ನಡೆಸುವ ಜೈನ ಕುಟುಂಬಗಳಿಗೆ ಇದು ಹೊರಗಿನ ಪಾಠವಲ್ಲ. ಎದುರಿನವನ ನೋಟದಲ್ಲಿಯೂ ಸತ್ಯಾಂಶವಿರಬಹುದೆಂಬುದೇ ಅನೇಕಾಂತ. ನೋಟಿಸ್, ಉತ್ತರಕ್ಕೆ ಕಾಲಾವಕಾಶ, ವಿಚಾರಣೆ: ಇವು ಅದರ ವ್ಯವಹಾರ ರೂಪಗಳು. ಕ್ಷಮಾವಾಣಿಯಂದು ಊರಿಗೆಲ್ಲ ಕ್ಷಮೆ ಕೋರುವ ಧಣಿಯು, ಆಳಿನ ಮಾತು ಕೇಳದೆ ಅವನ ಅನ್ನ ಕಸಿದರೆ, ಆ ಕ್ಷಮೆಗೆ ಬೆಲೆಯೆಲ್ಲಿ?