ಜಠರವೂ ಮನಸ್ಸೂ



ಉಂಡ ಅನ್ನವು ಮೈಗೆ ಹತ್ತಬೇಕಾದರೆ ಉಣ್ಣುವವನ ಮನಸ್ಸು ಸ್ವಸ್ಥವಾಗಿರಬೇಕೆಂದು ಹಿರಿಯರು ಹೇಳುತ್ತ ಬಂದಿರುವರು. ಈ ಮಾತು ಎಷ್ಟರಮಟ್ಟಿಗೆ ನಿಜ, ಅದಕ್ಕೆ ಮಿತಿ ಎಲ್ಲಿ, ಎಂಬುದು ವಿಚಾರಯೋಗ್ಯವಾದುದು.

1822ರಲ್ಲಿ ಅಮೆರಿಕೆಯ ಮ್ಯಾಕಿನಾ ದ್ವೀಪದಲ್ಲಿ ಬಂದೂಕು ಅಕಸ್ಮಾತ್ತಾಗಿ ಹಾರಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನ ಹೊಟ್ಟೆಗೆ ಗಾಯವಾಯಿತು. ಸೈನ್ಯದ ವೈದ್ಯರಾದ ವಿಲಿಯಂ ಬ್ಯೂಮಾಂಟರ ಆರೈಕೆಯಿಂದ ಆತನು ಬದುಕಿದನು. ಆದರೆ ಜಠರಕ್ಕೆ ಬಿದ್ದ ರಂಧ್ರವು ಮುಚ್ಚಲಿಲ್ಲ. ಆ ರಂಧ್ರದ ಮೂಲಕ ವೈದ್ಯರು ಪಚನಕ್ರಿಯೆಯನ್ನು ಕಣ್ಣಾರೆ ನೋಡಿ, 1833ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಕೋಪವು ಪಚನವನ್ನು ಕೆಡಿಸುವದೆಂಬುದು ಅವರು ಕಂಡ ಸಂಗತಿಗಳಲ್ಲೊಂದು. ವಾಲ್ಟರ್ ಕ್ಯಾನನ್ ಎಂಬ ವಿದ್ವಾಂಸರು ಬೆಕ್ಕಿನ ಜಠರವನ್ನು ಕ್ಷಕಿರಣಗಳಿಂದ ಪರೀಕ್ಷಿಸಿ, ಅದು ಉದ್ವೇಗಗೊಂಡೊಡನೆ ಜಠರದ ಚಲನೆ ನಿಲ್ಲುವದನ್ನೂ, ಶಾಂತವಾದ ಬಳಿಕ ಮತ್ತೆ ಮೊದಲಾಗುವದನ್ನೂ 1898ರಲ್ಲಿ ವರದಿ ಮಾಡಿದರು.

ಮಿದುಳಿಗೂ ಹೊಟ್ಟೆಗೂ ವೇಗಸ್ ಎಂಬ ನರದ ಸಂಬಂಧವುಂಟು. ಅದರ ತಂತುಗಳಲ್ಲಿ ಹೆಚ್ಚಿನವು ಸುದ್ದಿಯನ್ನು ಕೆಳಗಿನಿಂದ ಮೇಲಕ್ಕೆ ಒಯ್ಯುವವು. ಆದುದರಿಂದ ಚಿಂತೆಯು ಹೊಟ್ಟೆಯನ್ನು ಕೆಡಿಸುವಂತೆ ಕೆಟ್ಟ ಹೊಟ್ಟೆಯೂ ಮನಸ್ಸನ್ನು ಕದಡುವದು.

ಆದರೆ ಎಲ್ಲ ದೋಷವನ್ನೂ ಮನಸ್ಸಿನ ಮೇಲೆ ಹೊರಿಸುವದು ಸಲ್ಲದು. ಜಠರದ ಹುಣ್ಣಿಗೆ ಚಿಂತೆಯೇ ಮುಖ್ಯ ಕಾರಣವೆಂದು ಬಹುಕಾಲ ನಂಬಲಾಗಿತ್ತು. 1982ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಎಂಬ ವೈದ್ಯರು ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಜೀವಿಯನ್ನು ಕಂಡುಹಿಡಿದರು; ಇದಕ್ಕಾಗಿ 2005ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಬಹಳ ಹುಣ್ಣುಗಳಿಗೆ ಈ ಜೀವಿಯೇ ಮೂಲ. ಕೆಲವು ನೋವಿನ ಮಾತ್ರೆಗಳಿಂದಲೂ ಹುಣ್ಣಾಗುವದುಂಟು. ಇಂಥ ವ್ಯಾಧಿಯು ತಕ್ಕ ಚಿಕಿತ್ಸೆಯಿಂದ ಗುಣವಾಗುವದಲ್ಲದೆ ಬರಿಯ ಸಮಾಧಾನದ ಮಾತಿನಿಂದಾಗದು.

ಇನ್ನು ಕೆಲವರಿಗೆ ಪರೀಕ್ಷೆಯಲ್ಲಿ ಹುಣ್ಣಾಗಲಿ ಬಾವಾಗಲಿ ಕಾಣದಿದ್ದರೂ ಕರುಳು ನೋಯುವದು. ಮಲಪ್ರವೃತ್ತಿಯು ಕ್ರಮ ತಪ್ಪುವದು. “ನಿನಗೇನೂ ಆಗಿಲ್ಲ, ಎಲ್ಲವೂ ಭ್ರಮೆ” ಎಂದು ಮನೆಯವರು ಗದರಿಸಿದರೆ ರೋಗಿಯ ಚಿಂತೆ ಬೆಳೆಯುವದು, ಚಿಂತೆಯೊಡನೆ ನೋವೂ ಬೆಳೆಯುವದು. ಕರುಳಿನ ಹಾಗೂ ಮಿದುಳಿನ ನಡುವಣ ವ್ಯವಹಾರವು ಕೆಟ್ಟು ಉಂಟಾದ ಆ ನೋವು ಸುಳ್ಳಲ್ಲ.

ಆದಕಾರಣ ಮಲವು ಕಪ್ಪಾದರೆ, ರಕ್ತ ಕಂಡರೆ, ನುಂಗಲು ಕಷ್ಟವಾದರೆ, ಕಾರಣವಿಲ್ಲದೆ ಮೈ ಇಳಿದರೆ ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು. ಮನೆಯ ಜಗಳವನ್ನು ಊಟದ ಮಣೆಯವರೆಗೆ ತರಬಾರದು. ರೋಗಿಗೆ ಔಷಧವೂ ಬೇಕು, ಒಳ್ಳೆಯ ಮಾತೂ ಬೇಕು; ಒಂದನ್ನು ಕೊಟ್ಟೆವೆಂದು ಇನ್ನೊಂದನ್ನು ತಡೆಯಲಾಗದು.