ನಂಬರ್ ನೋಡಿ ಹೊಲ ಮಾರಬೇಡಿ

ಕಳೆದ ವಾರ ಕಾರ್ಯಕ್ರಮ ಮುಗಿಸಿ ಮೇಕಪ್ ಒರೆಸಿಕೊಳ್ತಾ ಕೂತಿದ್ದೆ. ರಾಣೆಬೆನ್ನೂರು ಕಡೆಯಿಂದ ಒಬ್ಬರು ಫೋನ್ ಮಾಡಿದ್ರು. ಮೆಕ್ಕೆಜೋಳ ಬೆಳೆಯುವ ರೈತರು. "ಸರ್, ನನ್ ಮಗಳು ವಕೀಲಿ ಓದ್ತೀನಿ ಅಂತಾಳ್ರಿ. ದಿಲ್ಲಿ ಕಡೆ ಒಂದು ಪ್ರೈವೇಟ್ ಯೂನಿವರ್ಸಿಟಿಯವ್ರು ಸೀಟ್ ಕೊಡ್ತೀವಿ ಅಂದಾರ. ಐದು ವರ್ಷಕ್ಕ ಇಪ್ಪತ್ತೈದು ಲಕ್ಷ ಆಗ್ತೈತ್ರಿ. ಇಂಡಿಯಾದಾಗ ಇಷ್ಟನೇ ರ‍್ಯಾಂಕ್ ಅಂತ ಟಿವಿಯೊಳಗ ಬರ್ತೈತಿ. ಹುಬ್ಬಳ್ಳಿಯಾಗೂ ಸೀಟ್ ಸಿಗ್ತೈತಿ. ಎರಡು ಎಕರೆ ಕೊಟ್ಟುಬಿಡ್ಲೇನ್ರಿ?"

ತಕ್ಷಣಕ್ಕೆ ಉತ್ತರ ಕೊಡೋಕೆ ಆಗಲಿಲ್ಲ. ಯಾಕೆ ಅಂದ್ರೆ, ಅವರು ನೋಡಿದ ಟಿವಿ ನಮ್ಮದೇ. ಇಂಥ ಜಾಹೀರಾತುಗಳು ನನ್ನ ಕಾರ್ಯಕ್ರಮದ ಬ್ರೇಕಿನಲ್ಲೂ ಬರ್ತವೆ. ನನ್ನ ಸಂಬಳದಲ್ಲಿ ಅವುಗಳ ಪಾಲೂ ಇದೆ. ಹಾಗಾಗಿ ಎರಡು ದಿನ ಟೈಮ್ ಕೊಡಿ ಯಜಮಾನ್ರೇ ಅಂದೆ. ಓದಿದೆ, ನಾಲ್ಕು ಜನ ವಕೀಲರನ್ನ ಕೇಳಿದೆ. ಅವರಿಗೆ ಹೇಳಿದ್ದನ್ನೇ ಇವತ್ತು ನಿಮಗೂ ಹೇಳ್ತೀನಿ.

ಮೊದಲನೆಯದು, ಈ ರ‍್ಯಾಂಕ್ ಅಂದ್ರೆ ಏನು? ಪತ್ರಿಕೆಗಳು, ಖಾಸಗಿ ಸಂಸ್ಥೆಗಳು ಕೊಡುವ ರ‍್ಯಾಂಕುಗಳು ಹತ್ತಾರು ಇವೆ. ಕೇಂದ್ರ ಸರ್ಕಾರದ್ದು ಎನ್‌ಐಆರ್‌ಎಫ್. ಅದರ ಮೊದಲ ಪಟ್ಟಿ ಬಂದದ್ದು 2016ರಲ್ಲಿ, ಕಾನೂನು ಕಾಲೇಜುಗಳಿಗೆ ಪ್ರತ್ಯೇಕ ಪಟ್ಟಿ ಶುರುವಾದದ್ದು 2018ರಲ್ಲಿ. ಆಗಿನಿಂದ ಪ್ರತಿ ಪಟ್ಟಿಯಲ್ಲೂ ಮೊದಲ ಸ್ಥಾನ ನಮ್ಮ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿಗೇ. ಹೆಮ್ಮೆ ಪಡೋಣ.

ಆದರೆ ಅಂಕ ಹೇಗೆ ಕೊಡ್ತಾರೆ? ಬೋಧನೆ ಮತ್ತು ಸಂಪನ್ಮೂಲಕ್ಕೆ ನೂರಕ್ಕೆ 30. ಸಂಶೋಧನೆ ಮತ್ತು ವೃತ್ತಿ ಸಂಬಂಧಿ ಕೆಲಸಕ್ಕೆ 30. ವಿದ್ಯಾರ್ಥಿಗಳ ಫಲಿತಾಂಶ, ಉದ್ಯೋಗಕ್ಕೆ 20. ಹೆಣ್ಣುಮಕ್ಕಳು, ಬಡವರು, ಹೊರರಾಜ್ಯದವರು ಎಷ್ಟಿದ್ದಾರೆ ಅನ್ನೋದಕ್ಕೆ 10. ಆ ಸಂಸ್ಥೆಯ ಬಗ್ಗೆ ಬೇರೆಯವರಿಗೆ ಇರುವ ಅಭಿಪ್ರಾಯಕ್ಕೆ 10. ಪ್ರಾಧ್ಯಾಪಕರು ಎಷ್ಟು ಪ್ರಬಂಧ ಪ್ರಕಟಿಸಿದರು ಅನ್ನೋದು ದೊಡ್ಡ ವಿಷಯವೇ, ಬೇಡ ಅನ್ನಲ್ಲ. ಆದರೆ ನಿಮ್ಮ ಮಗಳಿಗೆ ಪಾಟೀ ಸವಾಲು ಮಾಡೋದನ್ನ, ಒಂದು ದಾವೆ ಬರೆಯೋದನ್ನ ಯಾರು ಎಷ್ಟು ಚೆನ್ನಾಗಿ ಕಲಿಸ್ತಾರೆ? ಆ ಪ್ರಶ್ನೆಗೆ ಈ ಪಟ್ಟಿಯಲ್ಲಿ ಉತ್ತರ ಇಲ್ಲ.

ಇನ್ನೊಂದು ಸಂಗತಿ ನೆನಪಿಡಿ. ಬಹುಪಾಲು ಅಂಕಿಅಂಶ ಕೊಡೋದು ಆಯಾ ಸಂಸ್ಥೆಗಳೇ. ತಾವೇ ಬರೆದ ಉತ್ತರಪತ್ರಿಕೆಗೆ ಅಂಕ ಬಿದ್ದ ಹಾಗೆ.

ಈ ರ‍್ಯಾಂಕಿಂಗ್ ಹುಚ್ಚಿನ ತವರುಮನೆ ಅಮೆರಿಕ. ಅಲ್ಲಿ ಏನಾಯ್ತು? ವಿಲನೋವಾ ಅನ್ನೋ ವಿಶ್ವವಿದ್ಯಾಲಯದ ಕಾನೂನು ಕಾಲೇಜು, ಪ್ರವೇಶ ಪಡೆದವರ ಅಂಕಗಳನ್ನ ತಪ್ಪಾಗಿ ತೋರಿಸಿದ್ದೆವು ಅಂತ 2011ರಲ್ಲಿ ತಾನೇ ಒಪ್ಪಿಕೊಳ್ತು. ಅದು ಬಿಡಿ. ಯೇಲ್ ಲಾ ಸ್ಕೂಲ್ 1990ರಿಂದ ವರ್ಷ ವರ್ಷವೂ ಅಲ್ಲಿನ ಪಟ್ಟಿಯಲ್ಲಿ ನಂಬರ್ ಒನ್ ಆಗಿತ್ತು. 2022ರ ನವೆಂಬರಿನಲ್ಲಿ ಆ ನಂಬರ್ ಒನ್ ಕಾಲೇಜೇ, ನಿಮ್ಮ ಪಟ್ಟಿಗೆ ನಾವಿನ್ನು ಮಾಹಿತಿ ಕೊಡಲ್ಲ ಅಂತು. ಅದೇ ದಿನ ಹಾರ್ವರ್ಡ್ ಕೂಡ ಹೊರನಡೀತು. ಅವರ ದೂರು ಏನು ಗೊತ್ತಾ? ಬಡ ಮಕ್ಕಳಿಗೆ ನೆರವು ಕೊಟ್ಟರೆ, ಜನರ ಪರ ವಕೀಲಿಕೆಗೆ ಹೋಗುವವರನ್ನ ಬೆಳೆಸಿದರೆ, ಈ ಲೆಕ್ಕಾಚಾರದಲ್ಲಿ ಕಾಲೇಜಿಗೆ ನಷ್ಟವೇ ಆಗುತ್ತೆ ಅಂತ. ಮೊದಲ ರ‍್ಯಾಂಕಿನವರೇ ಈ ಮಾತು ಹೇಳಿದಾಗ ನಾವು ಒಂದು ನಿಮಿಷ ನಿಂತು ಯೋಚಿಸಬೇಕು, ಅಲ್ವಾ?

ಹಾಗಂತ ರ‍್ಯಾಂಕಿಗೆ ಬೆಲೆಯೇ ಇಲ್ಲ ಅಂದ್ರೆ ಅದು ಸುಳ್ಳಾಗುತ್ತೆ. ಪಟ್ಟಿಯ ತುದಿಯಲ್ಲಿರುವ ನಾಲ್ಕೈದು ಕಾಲೇಜುಗಳಿಗೆ ದೊಡ್ಡ ದೊಡ್ಡ ಕಾನೂನು ಕಂಪನಿಗಳು ತಾವೇ ಬಂದು ಹುಡುಗರನ್ನ ಆರಿಸ್ಕೊಂಡು ಹೋಗ್ತವೆ. ಓದಿನಲ್ಲಿ ಚುರುಕಾದ ಸಹಪಾಠಿಗಳು ಸಿಗ್ತಾರೆ. ಮೊದಲ ಕೆಲಸಕ್ಕೆ ಆ ಹೆಸರು ಬಾಗಿಲು ತೆಗೆಸುತ್ತೆ. ಸಿಎಲ್‌ಎಟಿ ಬರೆದು ಅಂಥ ಕಡೆ ಸೀಟ್ ಸಿಕ್ಕಿದರೆ, ಶಿಕ್ಷಣ ಸಾಲ ಮಾಡಿಯಾದರೂ ಕಳಿಸಿ. ನ್ಯಾಷನಲ್ ಲಾ ಸ್ಕೂಲಿನಲ್ಲಿ ಕರ್ನಾಟಕದಲ್ಲಿ ಓದಿದ ಮಕ್ಕಳಿಗೆ ಶೇಕಡಾ 25ರಷ್ಟು ಮೀಸಲಾತಿಯೂ ಇದೆ. ಎಷ್ಟೋ ಹಳ್ಳಿ ಶಾಲೆಗಳಿಗೆ ಈ ಸಂಗತಿ ಮುಟ್ಟಿಲ್ಲ.

ಸಮಸ್ಯೆ ಇರೋದು ತುದಿಯಲ್ಲಲ್ಲ, ಆಮೇಲೆ. ದೇಶದಲ್ಲಿ ಸಾವಿರಕ್ಕೂ ಹೆಚ್ಚು ಕಾನೂನು ಕಾಲೇಜುಗಳಿವೆ. ಇಪ್ಪತ್ತನೇ ರ‍್ಯಾಂಕಿಗೂ ಮೂವತ್ತನೇ ರ‍್ಯಾಂಕಿಗೂ ಇರುವ ವ್ಯತ್ಯಾಸ ಕೆಲವೇ ಅಂಕಗಳದ್ದು. ಆ ಕೆಲವು ಅಂಕಕ್ಕೆ ಎರಡು ಎಕರೆ ಹೊಲ ಕೊಡಬೇಕಾ?

ಮಗಳು ವಕೀಲಿಕೆ ಎಲ್ಲಿ ಮಾಡ್ತಾಳೆ ಅಂತ ಕೇಳಿದೆ. "ಇಲ್ಲೇ ಹಾವೇರಿಯೊಳಗ, ಇಲ್ಲಾಂದ್ರ ಜಡ್ಜ್ ಪರೀಕ್ಷೆ ಬರೀತಾಳಂತ್ರಿ" ಅಂದ್ರು. ಹಾವೇರಿ ಕೋರ್ಟಿನಲ್ಲಿ ಸಾಕ್ಷಿ ಮಾತಾಡೋದು ಕನ್ನಡ. ಪಹಣಿ ಕನ್ನಡ, ಭಾಗಪತ್ರ ಕನ್ನಡ. ನಮ್ಮ ಸಿವಿಲ್ ನ್ಯಾಯಾಧೀಶರ ಪರೀಕ್ಷೆಯಲ್ಲಿ ಕನ್ನಡ–ಇಂಗ್ಲಿಷ್ ಭಾಷಾಂತರಕ್ಕೇ ಒಂದು ಪತ್ರಿಕೆ ಇದೆ. ಇನ್ನು ಹುಬ್ಬಳ್ಳಿಯಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಿಂದ ಇದೆ. ಪಕ್ಕದ ಧಾರವಾಡದಲ್ಲಿ ಹೈಕೋರ್ಟ್ ಪೀಠ, 2008ರಲ್ಲಿ ಸಂಚಾರಿ ಪೀಠವಾಗಿ ಬಂದದ್ದು 2013ರಲ್ಲಿ ಕಾಯಂ ಆಯ್ತು. ಓದುವಾಗಲೇ ಬಸ್ ಹತ್ತಿ ಹೋಗಿ ಹಿರಿಯ ವಕೀಲರ ವಾದ ಕೇಳಿ ಬರಬಹುದು. ಇದಕ್ಕೆ ಯಾವ ಪಟ್ಟಿಯಲ್ಲಿ ಅಂಕ ಇದೆ ಹೇಳಿ?

2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದ ಸೂರ್ಯಕಾಂತ್ ಕಾನೂನು ಪದವಿ ಪಡೆದದ್ದು ಹರಿಯಾಣದ ರೋಹ್ಟಕ್‌ನಲ್ಲಿ. ವಕೀಲಿಕೆ ಶುರು ಮಾಡಿದ್ದು ಹಿಸಾರ್ ಜಿಲ್ಲಾ ಕೋರ್ಟಿನಲ್ಲಿ. ಆ ಕಾಲ ಬೇರೆ, ಆಗ ಈ ರ‍್ಯಾಂಕುಗಳೂ ಇರಲಿಲ್ಲ, ಒಪ್ತೀನಿ. ಆದರೆ ಜಿಲ್ಲಾ ಕೋರ್ಟು ಅನ್ನೋ ಪಾಠಶಾಲೆ ಇವತ್ತಿಗೂ ಇದೆ.

ಊರ ಹತ್ತಿರ ಇದೆ ಅಂದ ಮಾತ್ರಕ್ಕೆ ಕಾಲೇಜು ಒಳ್ಳೇದು ಅಂತಲೂ ಅಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ಪಾಠ ನಡೆಯುವ ಕಾಲೇಜುಗಳು ನಮ್ಮಲ್ಲೂ ಇವೆ. ಅದಕ್ಕೇ ಎಲ್ಲಿಗೆ ಸೇರಿಸೋದಾದ್ರೂ ಮೂರು ಕೆಲಸ ಮಾಡಿ. ಒಂದು, ಎನ್‌ಐಆರ್‌ಎಫ್‌ಗೆ ಕಾಲೇಜು ಕೊಟ್ಟ ವರದಿಯನ್ನ ವೆಬ್‌ಸೈಟಿನಲ್ಲಿ ತೆಗೆದು ನೋಡಿ. ಎಷ್ಟು ಜನ ಸೇರಿದ್ರು, ಎಷ್ಟು ಜನ ಮುಗಿಸಿದ್ರು, ಎಷ್ಟು ಜನರಿಗೆ ಕೆಲಸ ಸಿಕ್ತು ಅನ್ನೋದು ಅದರಲ್ಲಿರುತ್ತೆ. ಒಬ್ಬ ಹುಡುಗನಿಗೆ ಸಿಕ್ಕ ಅತಿ ದೊಡ್ಡ ಸಂಬಳ ನೋಡಬೇಡಿ, ನಡುವಿನವನ ಸಂಬಳ ನೋಡಿ. ಎರಡು, ಒಂದು ಮಾಮೂಲಿ ದಿನ ಕಾಲೇಜಿಗೆ ಹೋಗಿ. ಮೇಷ್ಟ್ರು ಕ್ಲಾಸಿನಲ್ಲಿದ್ದಾರಾ, ಗ್ರಂಥಾಲಯದಲ್ಲಿ ಮಕ್ಕಳಿದ್ದಾರಾ ನೋಡಿ. ಮೂರು, ಹಾಸ್ಟೆಲ್ ಊಟ ಎಲ್ಲ ಸೇರಿಸಿ ಐದು ವರ್ಷದ ಒಟ್ಟು ಖರ್ಚು ಬರೆದುಕೊಳ್ಳಿ. ಕೋರ್ಟಿಗೆ ಹೋಗುವ ಹೊಸ ವಕೀಲರ ಕೈಗೆ ಮೊದಲ ವರ್ಷಗಳಲ್ಲಿ ಬರೋದು ಪುಡಿಗಾಸು. ಸಾಲ ತೀರಿಸಬೇಕು ಅಂತಾದ್ರೆ ಅವಳು ಕೋರ್ಟನ್ನೇ ಬಿಡಬೇಕಾಗುತ್ತೆ.

ಇಷ್ಟು ಹೇಳಿದ ಮೇಲೆ ಅವರು ಮಗಳ ಕೈಗೆ ಫೋನ್ ಕೊಟ್ರು. ಆ ಹುಡುಗಿ ಒಂದೇ ಪ್ರಶ್ನೆ ಕೇಳಿದ್ಲು. "ಸರ್, ನಿಮ್ಮ ಮಗಳಾಗಿದ್ರ ಎಲ್ಲಿ ಕಳಿಸ್ತಿದ್ರಿ?"

ವಾದ ಮಾಡೋಕೆ ಇವಳಿಗೆ ಬರುತ್ತೆ ಅನ್ನಿಸ್ತು. ನಿನ್ನ ಅಪ್ಪನ ಹೊಲದಷ್ಟೇ ನನಗೂ ಇದ್ದಿದ್ರೆ ಹುಬ್ಬಳ್ಳಿಗೇ ಕಳಿಸ್ತಿದ್ದೆ ಕಣಮ್ಮ ಅಂದೆ. "ಸೋಮವಾರ ಹೋಗಿ ಕ್ಲಾಸ್ ನೋಡ್ಕೊಂಡ್ ಬರ್ತೀನ್ರಿ, ಆಮ್ಯಾಲೆ ಹೇಳ್ತೀನಿ" ಅಂದ್ಲು. ಅವಳ ತೀರ್ಮಾನ ಅವಳದು.

ಈಗೊಂದು ಬ್ರೇಕ್ ಬರುತ್ತೆ. ಅದರಲ್ಲೂ ಯಾವುದೋ ಒಂದು ರ‍್ಯಾಂಕ್ ಕಾಣಿಸಬಹುದು. ನೋಡಿ, ಬೇಡ ಅನ್ನಲ್ಲ. ಆದರೆ ಹೊಲದ ಪತ್ರ ಹೊರಗೆ ತೆಗೆಯೋ ಮೊದಲು, ಅವರ ಪತ್ರ ತೋರಿಸಿ ಅನ್ನಿ.