ಹೆತ್ತವರಿಗೆ ಹೆಗ್ಗಣ ಮುದ್ದು: ಹೂಡಿಕೆದಾರರ ಸುದ್ದಿಯನ್ನು ಕೇಳುವ ಬಗೆ

ಆಕ್ಲೆಂಡಿನ ಉತ್ತರಕ್ಕಿರುವ ಆಲ್ಬನಿಯಿಂದ ಮಾತಾಡುತ್ತಿದ್ದೇನೆ. ನಾನು ಓದಿದ್ದು ಕನ್ನಡ ಎಂ.ಎ. ಷೇರು, ಬಂಡವಾಳದ ಮಾತು ಇವರಿಗೇಕೆ ಎಂದು ನಿಮಗೆ ಅನ್ನಿಸಬಹುದು. ಕಾರಣವಿದೆ. ನಮ್ಮ ವಾರಾಂತ್ಯದ ಕನ್ನಡ ತರಗತಿಯಲ್ಲಿ ಅ ಆ ಇ ಈ ತಿದ್ದಿದ ಮಕ್ಕಳೆಲ್ಲ ಈಗ ಪದವಿ ಮುಗಿಸಿ ಕೆಲಸ ಹುಡುಕುತ್ತಿದ್ದಾರೆ. ಅವರಲ್ಲೊಬ್ಬನಿಗೆ ಒಂದು ಪುಟ್ಟ ವೆಬ್ ಕಂಪನಿ ಕರೆ ಕಳಿಸಿದೆ. ಸಂಬಳ ಕಡಿಮೆ, ಬದಲಿಗೆ ಷೇರು ಕೊಡುತ್ತಾರಂತೆ. ಆ ಕಂಪನಿಗೆ ದುಡ್ಡು ಹಾಕಿದವರು ಬರೆದ ಸುದ್ದಿಯನ್ನು ನನಗೆ ತೋರಿಸಿದ. ಬಳಕೆದಾರರು ಹೆಚ್ಚಿದರು, ಹೊಸ ಬಂಡವಾಳ ಬಂತು, ಹೊಸ ದೇಶಕ್ಕೆ ಕಾಲಿಟ್ಟೆವು, ಹೀಗೆ ಪ್ರತಿ ಸಾಲೂ ಸಿಹಿಯೇ.

ಅದು ಸುಳ್ಳು ಎಂದು ನಾನು ಹೇಳುವುದಿಲ್ಲ. ಆದರೆ ನಮ್ಮಲ್ಲಿ ಒಂದು ಗಾದೆಯಿದೆ: ಹೆತ್ತವರಿಗೆ ಹೆಗ್ಗಣ ಮುದ್ದು. ಹೆಗ್ಗಣ ಎಂದರೆ ದೊಡ್ಡ ಇಲಿ. ಹೆತ್ತ ತಾಯಿಗೆ ಅದೂ ಚೆಂದವೇ. ಹೂಡಿಕೆದಾರರು ತಮ್ಮ ಕಂಪನಿಯ ಬಗ್ಗೆ ಹೇಳುವಾಗ ಪ್ರೀತಿಯೂ ಇರುತ್ತದೆ, ಪಾಲೂ ಇರುತ್ತದೆ. ಸುದ್ದಿ ಚೆನ್ನಾಗಿದ್ದರೆ ಮುಂದಿನ ಹೂಡಿಕೆದಾರ ಬರುತ್ತಾನೆ, ಒಳ್ಳೆಯ ಕೆಲಸಗಾರರು ಬರುತ್ತಾರೆ, ಷೇರಿನ ಬೆಲೆ ಏರುತ್ತದೆ. ಕೇಳುವವರು ಇದನ್ನು ನೆನಪಿಟ್ಟುಕೊಂಡರೆ ಸಾಕು.

'ಹೂಡಿಕೆ' ಎಂಬ ಮಾತನ್ನೇ ನೋಡಿ. ಕನ್ನಡದಲ್ಲಿ ಬಿಲ್ಲಿಗೆ ಬಾಣ ಹೂಡುತ್ತೇವೆ, ನೇಗಿಲಿಗೆ ಎತ್ತು ಹೂಡುತ್ತೇವೆ, ಮೂರು ಕಲ್ಲಿಟ್ಟು ಒಲೆ ಹೂಡುತ್ತೇವೆ. ಎಲ್ಲ ಕಡೆಯೂ ಹೂಡುವುದೆಂದರೆ ಆರಂಭ ಮಾತ್ರ. ಬಾಣ ಗುರಿ ಮುಟ್ಟಿತೇ, ಬೆಳೆ ಬಂತೇ, ಅನ್ನ ಬೆಂದಿತೇ ಎಂಬುದು ಬೇರೆಯೇ ಸುದ್ದಿ.

ನಮ್ಮವರದೇ ಉದಾಹರಣೆ ಕೊಡುತ್ತೇನೆ. ಹುಬ್ಬಳ್ಳಿಯಲ್ಲಿ ಹುಟ್ಟಿದ ಗುರುರಾಜ ದೇಶಪಾಂಡೆ ಅಮೆರಿಕದಲ್ಲಿ 'ದೇಶ್' ಎಂದೇ ಹೆಸರಾದವರು. ವೆಬ್ ಓಡುವುದಕ್ಕೆ ಕೆಳಗೊಂದು ದಾರಿ ಬೇಕಲ್ಲ, ಆ ದಾರಿಯ ಯಂತ್ರಗಳನ್ನು ಮಾಡುವುದು ಅವರ ಕ್ಷೇತ್ರ. 1990ರಲ್ಲಿ ಶುರುವಾದ ಅವರ ಕ್ಯಾಸ್ಕೇಡ್ ಕಂಪನಿಯನ್ನು 1997ರಲ್ಲಿ ಅಸೆಂಡ್ ಎಂಬ ಕಂಪನಿ 370 ಕೋಟಿ ಡಾಲರಿಗೆ ಕೊಂಡಿತು. ಮರುವರ್ಷ ಸೈಕಮೋರ್ ನೆಟ್‌ವರ್ಕ್ಸ್ ಹುಟ್ಟಿತು. 1999ರ ಅಕ್ಟೋಬರಿನಲ್ಲಿ 38 ಡಾಲರಿಗೆ ಕೊಟ್ಟ ಅದರ ಷೇರು ಮೊದಲ ದಿನವೇ 180 ಡಾಲರು ದಾಟಿ ನಿಂತಿತು. ಅವತ್ತಿನ ಸುದ್ದಿ ಕೇಳಿದವರಿಗೆ ಇದಕ್ಕೆ ಸೋಲೇ ಇಲ್ಲ ಎನ್ನಿಸಿರಬೇಕು. ಆಮೇಲೆ ದೂರಸಂಪರ್ಕ ಮಾರುಕಟ್ಟೆ ಕುಸಿಯಿತು. 2013ರಲ್ಲಿ ಕಂಪನಿಯನ್ನು ಮುಚ್ಚಲು ಷೇರುದಾರರೇ ಒಪ್ಪಿದರು.

ಅವರು ಅಧ್ಯಕ್ಷರಾಗಿದ್ದ ಬ್ಯಾಟರಿ ಕಂಪನಿ ಎ123 ಸಿಸ್ಟಮ್ಸ್ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಆದರೆ 2000ದಲ್ಲಿ ಅವರ ಬೆಂಬಲದಿಂದ ಬೆಂಗಳೂರಿನಲ್ಲಿ ಆರಂಭವಾದ ತೇಜಸ್ ನೆಟ್‌ವರ್ಕ್ಸ್ ಉಳಿಯಿತು, ಬೆಳೆಯಿತು, 2017ರಲ್ಲಿ ಷೇರುಪೇಟೆಗೂ ಬಂತು. ಒಬ್ಬರೇ ಮನುಷ್ಯ, ಅದೇ ಬುದ್ಧಿ, ಅದೇ ಶ್ರಮ. ಫಲ ಮಾತ್ರ ಬೇರೆ ಬೇರೆ. ಹತ್ತು ಕಡೆ ಹೂಡಿದವರಿಗೆ ಒಂದೆರಡು ಗೆದ್ದರೂ ಲೆಕ್ಕ ಸರಿಹೋಗುತ್ತದೆ. ಆದರೆ ಕೆಲಸಕ್ಕೆ ಸೇರುವ ನಿಮ್ಮ ಹತ್ತಿರ ಹತ್ತು ಯೌವನ ಇಲ್ಲ, ಇರುವುದು ಒಂದೇ. ಹೂಡಿಕೆದಾರರಿಗೂ ನಿಮಗೂ ಇರುವ ದೊಡ್ಡ ವ್ಯತ್ಯಾಸ ಇದು.

ಈ ನಾಡಿನ ಕಥೆಯನ್ನೂ ನೋಡೋಣ. ಟ್ರೇಡ್ ಮಿ ಕಟ್ಟಿದ ಸ್ಯಾಮ್ ಮಾರ್ಗನ್ ಅದನ್ನು 2006ರಲ್ಲಿ 70 ಕೋಟಿ ಡಾಲರಿಗೆ ಮಾರಿ, ಕ್ಸೀರೋ ಕಂಪನಿಯಲ್ಲಿ ಹಣ ಹೂಡಿದರು. ಕ್ಸೀರೋ 2007ರಲ್ಲಿ ಒಂದು ಡಾಲರಿಗೆ ಒಂದರಂತೆ ಷೇರು ಮಾರಿತು. ವರ್ಷವರ್ಷವೂ ಗ್ರಾಹಕರು ಹೆಚ್ಚಿದ ಸುದ್ದಿ ಬರುತ್ತಿತ್ತು. ಪೂರ್ತಿ ವರ್ಷದ ನಿವ್ವಳ ಲಾಭ ಕಂಡದ್ದು ಮಾತ್ರ 2020ರಲ್ಲಿ. ಇದು ಗೆದ್ದ ಕಂಪನಿಯ ಕಥೆ! ಅಂದರೆ 'ಬೆಳೆಯುತ್ತಿದೆ' ಎಂಬುದೂ 'ಗಳಿಸುತ್ತಿದೆ' ಎಂಬುದೂ ಒಂದೇ ಅಲ್ಲ. ನಡುವಿನ ವರ್ಷಗಳನ್ನು ದಾಟಿಸಲು ಹೂಡಿಕೆದಾರರ ತಾಳ್ಮೆ ಬೇಕು.

ಹಾಗಾದರೆ ಏನು ಕೇಳಬೇಕು? ಮನೆ ಲೆಕ್ಕ ಬರೆಯುವವಳ ಭಾಷೆಯಲ್ಲಿ ಮೂರು ಮಾತು ಹೇಳುತ್ತೇನೆ.

ಒಂದು, ಕಂಪನಿಯ 'ಮೌಲ್ಯ' ಎಂದರೆ ಪೆಟ್ಟಿಗೆಯಲ್ಲಿರುವ ದುಡ್ಡಲ್ಲ. ಹತ್ತು ಲಕ್ಷ ಡಾಲರು ಕೊಟ್ಟು ಯಾರಾದರೂ ಶೇಕಡ 10 ಪಾಲು ಪಡೆದರೆ, ಕಂಪನಿಯ ಮೌಲ್ಯ ಒಂದು ಕೋಟಿ ಎಂದು ಸುದ್ದಿಯಾಗುತ್ತದೆ. ಕೈಗೆ ಬಂದದ್ದು ಹತ್ತು ಲಕ್ಷ ಮಾತ್ರ. ಆದ್ದರಿಂದ ತಿಂಗಳ ಖರ್ಚೆಷ್ಟು, ಇರುವ ಹಣ ಎಷ್ಟು ತಿಂಗಳಿಗೆ ಸಾಕು ಎಂದು ಕೇಳಿ.

ಎರಡು, ಕಂಪನಿ ಮಾರಾಟವಾದರೆ ಊಟದ ಪಂಕ್ತಿಯಲ್ಲಿ ಮೊದಲು ಕೂರುವವರು ಯಾರು? ಎಷ್ಟೋ ಒಪ್ಪಂದಗಳಲ್ಲಿ ಹೂಡಿಕೆದಾರರು ಹಾಕಿದ ಹಣ ಮೊದಲು ಅವರಿಗೆ ಹಿಂದಿರುಗಬೇಕು. ಎರಡು ಕೋಟಿ ಹೂಡಿದ ಕಂಪನಿ ಎರಡೂವರೆ ಕೋಟಿಗೆ ಮಾರಾಟವಾದರೆ, ಉಳಿದವರೆಲ್ಲ ಹಂಚಿಕೊಳ್ಳಬೇಕಾದ್ದು ಆ ಅರ್ಧ ಕೋಟಿಯನ್ನು. 'ಕಂಪನಿ ಮಾರಾಟವಾಯಿತು' ಎಂಬ ಸಂತೋಷದ ಸುದ್ದಿಯ ಹಿಂದೆ ಕೆಲಸಗಾರರ ಎಲೆಗೆ ಏನು ಬಿತ್ತು ಎಂಬುದು ಹೊರಗೆ ತಿಳಿಯುವುದಿಲ್ಲ.

ಮೂರು, ನಿಮಗೆ ಕೊಡುವ ಷೇರು ಯಾವಾಗ ನಿಮ್ಮದಾಗುತ್ತದೆ? ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವೇ ಕೈಸೇರುತ್ತದೆ, ಮೊದಲ ವರ್ಷ ತುಂಬುವ ಮೊದಲೇ ಬಿಟ್ಟರೆ ಏನೂ ಇಲ್ಲ. ಇದನ್ನು ಬರಹದಲ್ಲಿ ಪಡೆಯಿರಿ, ಬಲ್ಲವರಿಗೆ ತೋರಿಸಿ.

ಇಷ್ಟು ಹೇಳಿದ್ದು ನಿಮ್ಮನ್ನು ಹೆದರಿಸಲಿಕ್ಕಲ್ಲ. ನಿಮ್ಮ ಅಪ್ಪ ಅಮ್ಮಂದಿರು ಎರಡು ಸೂಟ್‌ಕೇಸ್ ಹಿಡಿದು ಈ ದೇಶಕ್ಕೆ ಬಂದದ್ದೂ ಒಂದು ಹೂಡಿಕೆಯೇ. ಹಾಗಾಗಿಯೇ ಅವರಿಗೆ ನೀವು ಇನ್ನೊಂದು ಅಪಾಯಕ್ಕೆ ಇಳಿಯುವುದು ಬೇಡ ಅನ್ನಿಸುತ್ತದೆ. ಅವರ ಮೇಲೆ ಸಿಟ್ಟಾಗಬೇಡಿ. ಈ ಮೂರು ಪ್ರಶ್ನೆಗಳ ಉತ್ತರವನ್ನು ಊಟದ ಮೇಜಿನ ಮೇಲಿಟ್ಟು ಅವರ ಜೊತೆ ಮಾತಾಡಿ. ಲೆಕ್ಕ ಕಣ್ಣಿಗೆ ಕಂಡರೆ ಅವರ ಭಯವೂ ಕಡಿಮೆಯಾದೀತು, ನಿಮ್ಮ ಭ್ರಮೆಯೂ ಕಡಿಮೆಯಾದೀತು.

ಷೇರು ಪೂರ್ತಿ ಸೊನ್ನೆಯಾದರೂ ಆ ಸಂಬಳದಲ್ಲಿ ಬಾಡಿಗೆ ಕಟ್ಟಿ ಬದುಕಬಹುದೇ, ಅಲ್ಲಿ ಕಲಿತ ಕೆಲಸ ನಿಮ್ಮ ಜೊತೆ ಉಳಿಯುತ್ತದೆಯೇ? ಎರಡಕ್ಕೂ ಹೌದು ಎಂಬ ಉತ್ತರ ಬಂದರೆ, ಧೈರ್ಯವಾಗಿ ಎತ್ತು ಹೂಡಿ. ಒಳ್ಳೆಯದಾಗಲಿ.